ಸಣ್ಣ ಗೇರಿನ ಕಂಕಣ

ಮರಿಯಣ್ಣನಿಗೆ ಐವತ್ತೆರಡರ ಪ್ರಾಯದಲ್ಲಿ ಜೀಪಿನ ಹುಚ್ಚು ಹಿಡಿದಿದೆ ಎಂದು ಚಾಮರಾಜಪೇಟೆಯ ಅವನ ಬೀದಿಯವರು ಆಡಿಕೊಂಡರು. ಆಡಿಕೊಳ್ಳುವುದಕ್ಕೆ ಎಲ್ಲರೂ ಇದ್ದರು, ಆ ಜೀಪು ತಳ್ಳುವುದಕ್ಕೆ ಮಾತ್ರ ಒಬ್ಬರೂ ಬರುತ್ತಿರಲಿಲ್ಲ. ಅಷ್ಟಕ್ಕೂ ಅದು ಹುಚ್ಚಾಗಿರಲಿಲ್ಲ. ಅವನ ತಾಯಿ ತಿಮ್ಮಕ್ಕನನ್ನು ಅವಳ ಅಕ್ಕನ ಮನೆಗೆ ಕರೆದುಕೊಂಡು ಹೋಗಬೇಕಾಗಿತ್ತು. ಅಷ್ಟೇ ವಿಷಯ.

ಅಕ್ಕ ಗಂಗರತ್ನಮ್ಮ ಇರುವುದು ಕನಕಪುರದಾಚೆ, ಕಾಡಿನ ಅಂಚಿನ ಗುಡ್ಡದ ಮೇಲೆ, ಹುಣಸೆಕಲ್ಲುದೊಡ್ಡಿ ಎಂಬ ಹದಿನೆಂಟು ಮನೆಗಳ ಊರಿನಲ್ಲಿ. ಟಾರು ರಸ್ತೆ ಗುಡ್ಡದ ಬುಡದ ಕೆರೆಯ ಹತ್ತಿರ ಮುಗಿಯುತ್ತದೆ. ಅಲ್ಲಿಂದ ಮೇಲಕ್ಕೆ ಮೂರು ಮೈಲಿ ಕಲ್ಲು, ಕೊರಕಲು, ಜಾರುವ ಮಣ್ಣು. ಅಕ್ಕನಿಗೆ ಎಂಬತ್ತಾರು, ಇಳಿಯಲಾರಳು. ತಂಗಿಗೆ ಎಂಬತ್ತೊಂದು, ಎರಡೂ ಮಂಡಿ ಹೋಗಿವೆ, ಹತ್ತಲಾರಳು. ಇಬ್ಬರೂ ಮುಖ ನೋಡಿಕೊಂಡು ಆರು ವರ್ಷವಾಗಿತ್ತು.

ಪ್ರತಿ ಭಾನುವಾರ ಪಕ್ಕದ ಮನೆಯವರ ಮೊಬೈಲಿನಿಂದ ಅಕ್ಕ ಫೋನು ಮಾಡುತ್ತಿದ್ದಳು. ಇಬ್ಬರಿಗೂ ಕಿವಿ ಮಂದ. "ಉಂಡ್ಯೇನಕ್ಕಾ?" ಎಂದು ತಿಮ್ಮಕ್ಕ ಬೀದಿಗೆಲ್ಲ ಕೇಳುವಂತೆ ಕೂಗಿದರೆ, "ಹಸ ಕರ ಆಕ್ತು ಕಣಮ್ಮಿ" ಎಂದು ಆ ಕಡೆಯಿಂದ ಉತ್ತರ ಬರುತ್ತಿತ್ತು. ಹತ್ತು ನಿಮಿಷ ಇಬ್ಬರೂ ಒಟ್ಟಿಗೇ ಮಾತಾಡಿ, ಇಬ್ಬರೂ ಏನೂ ಕೇಳಿಸಿಕೊಳ್ಳದೆ, ಸಮಾಧಾನದಿಂದ ಫೋನು ಇಡುತ್ತಿದ್ದರು. ಆದರೆ ಕಳೆದ ಶ್ರಾವಣದಲ್ಲಿ ಅಕ್ಕ ಹೇಳಿದ ಒಂದು ಮಾತು ಅದು ಹೇಗೋ ಸ್ಪಷ್ಟವಾಗಿ ತಿಮ್ಮಕ್ಕನ ಕಿವಿಗೆ ಬಿತ್ತು: "ಸಿಟಿಯೋಳಾಗ್ಬುಟ್ಟೆ ನೀನು. ಬರೋ ಸಂಕ್ರಾಂತಿ ಒಳಗೆ ಬಂದ್ರೆ ಬಾ. ಇಲ್ದಿದ್ರೆ ಇನ್ ಬರಲೇ ಬ್ಯಾಡ. ನಾನೂ ಕಾಯಕಿಲ್ಲ."

ತಿಮ್ಮಕ್ಕ ಫೋನು ಇಟ್ಟು ಮಗನನ್ನು ನೋಡಿದಳು. "ಕೇಳುಸ್ತೇನ್ಲಾ?"

"ಕೇಳುಸ್ತು ಕಣವ್ವ."

"ಕೇಳುಸ್ಕಂಡು ಸುಮ್ಕೆ ಕುಂತಿದ್ದೀಯಲ್ಲ."

ಸುಮ್ಮನೆ ಕೂರಲು ಅವನಿಗೇನು ಹುಚ್ಚೇ? ಎಲ್ಲ ನೋಡಿ ಆಗಿತ್ತು. ಅವನ ಕಾರಿನ ಹೊಟ್ಟೆ ಮೊದಲನೆಯ ತಿರುವಿನ ಬಂಡೆಗೇ ಬಡಿದು ನಿಂತಿತ್ತು. ಟ್ರ್ಯಾಕ್ಟರಿನ ಟ್ರೈಲರಿನಲ್ಲಿ ಕೂರಿಸಿದಾಗ ಮುದುಕಿ ಎಗರಿ ಬಿದ್ದು ಪಕ್ಕೆ ನೋಯಿಸಿಕೊಂಡು, ಇನ್ನು ಟ್ರ್ಯಾಕ್ಟರಿನ ಮುಖ ನೋಡುವುದಿಲ್ಲ ಎಂದಿದ್ದಳು. ಕುರ್ಚಿಗೆ ಬೊಂಬು ಕಟ್ಟಿ ನಾಲ್ಕು ಜನ ಹೊತ್ತುಕೊಂಡು ಹೋಗುತ್ತಾರೆ ಎಂದರೆ, "ನಾನೇನ್ ಎಣವೇನ್ಲಾ, ನಾಕ್ ಜನ ಹೊರಕ್ಕೆ?" ಎಂದು ಕೋಲು ಎತ್ತಿದ್ದಳು. ಉಳಿದದ್ದು ನಾಲ್ಕೂ ಚಕ್ರಕ್ಕೆ ಎಳೆತವಿರುವ ಜೀಪು ಒಂದೇ. ಹೊಸದರ ಬೆಲೆ ವಿಚಾರಿಸಿ ಬಂದ ದಿನ ಮರಿಯಣ್ಣ ಮಧ್ಯಾಹ್ನದ ಊಟ ಬಿಟ್ಟ.

ಮರಿಯಣ್ಣನಿಗೆ ಕಾಟನ್‌ಪೇಟೆಯಲ್ಲಿ ಹಗ್ಗ ಮತ್ತು ಟಾರ್ಪಾಲಿನ ಅಂಗಡಿ. ಅಲ್ಲಿಗೆ ಬಂದ ಗಿರಾಕಿಯೊಬ್ಬರು ಗವಿಪುರದ ರಾಮಾನುಜ ಎಂಬ ನಿವೃತ್ತ ಮೇಷ್ಟರ ಹಳೆಯ ಜೀಪಿನ ವಿಷಯ ಹೇಳಿದರು. ಮರುದಿನವೇ ಹೋದ.

ಗವಿಗಂಗಾಧರೇಶ್ವರನ ಗುಡಿಯ ಹಿಂದಿನ ಇಳಿಜಾರು ಬೀದಿ, ಕೆಂಪು ಸಿಮೆಂಟಿನ ಜಗಲಿ, ಪಾರಿಜಾತದ ಗಿಡದ ಕೆಳಗೆ ಹಸಿರು ಬಣ್ಣದ ಜೀಪು. ರಾಮಾನುಜ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿದವರು. ವಿದ್ಯಾರ್ಥಿಗಳನ್ನು ಕೂರಿಸಿಕೊಂಡು ಅವರು ಆ ಜೀಪಿನಲ್ಲಿ ಸುತ್ತದ ಕಾಡಿರಲಿಲ್ಲ.

"ಮೀಟರ್ ನಂಬಬೇಡಿ," ಎಂದರು ಅವರು ಮೊದಲಿಗೇ. "ಅದರಲ್ಲಿ ಐದೇ ಅಂಕಿ. ಮೂರು ಸಲ ಸೊನ್ನೆಗೆ ಬಂದು ಮತ್ತೆ ಶುರುವಾಗಿದೆ. ಮೂರು ಲಕ್ಷದ ಅರವತ್ತೆರಡು ಸಾವಿರ ಕಿಲೋಮೀಟರ್ ಓಡಿದೆ. ಎಲ್ಲಾ ಇದರಲ್ಲಿ ಬರೆದಿದ್ದೀನಿ." ಬೈಂಡು ಹಾಕಿಸಿದ ದಪ್ಪ ಪುಸ್ತಕವೊಂದನ್ನು ಅವನ ಕೈಗಿಟ್ಟರು.

ಹಳೆಯ ಗಾಡಿ ಮಾರುವವನು ಇಷ್ಟು ನಿಜ ಹೇಳಿದ್ದನ್ನು ಮರಿಯಣ್ಣ ಜನ್ಮದಲ್ಲಿ ಕಂಡಿರಲಿಲ್ಲ. ಅನುಮಾನವೇ ಬಂತು. ಒಳಗೆ ಕತ್ತು ಹಾಕಿ ನೋಡಿದ. ದೊಡ್ಡ ಗೇರಿನ ಪಕ್ಕದಲ್ಲಿ ಸಣ್ಣ ಗೇರಿನ ಕೋಲು. ನಾಲ್ಕು ಚಕ್ರದ ಎಳೆತ ಕೊಡುವುದು ಅದೇ. ಅದರ ಬುಡದಲ್ಲಿ ಹಳದಿ ದಾರ ಸುತ್ತಿ ಸುತ್ತಿ ಮುಷ್ಟಿ ಗಾತ್ರದ ಗಂಟಾಗಿತ್ತು. ಅದರ ಮೇಲೆ ಕುಂಕುಮ, ಒಣಗಿದ ಹೂವಿನ ಎಸಳು.

"ಇದೇನ್ ಸಾರ್?"

"ನಮ್ಮನೆಯೋರು ಆಯುಧಪೂಜೇಲಿ ಕಟ್ಟಿದ ಕಂಕಣ. ವರ್ಷಕ್ಕೊಂದು. ಫೋರ್ ವೀಲ್ ಹಾಕಿ ಹನ್ನೆರಡು ವರ್ಷ ಆಯ್ತು. ಬೀಳತ್ತೋ ಇಲ್ವೋ ನಾನು ಗ್ಯಾರಂಟಿ ಕೊಡಲ್ಲ."

ಅಷ್ಟರಲ್ಲಿ ಅವರ ಹೆಂಡತಿ ಕಾವೇರಮ್ಮ ಕಾಫಿ ತಂದರು. ಲೋಟ ಕೊಡುತ್ತಲೇ, "ಗಾಡಿ ಎಲ್ಲಿ ಓಡಿಸೋಕೆ ತಗೋತಿದೀರಿ?" ಎಂದು ಕೇಳಿದರು. ಕೇಳಿ, ಉತ್ತರಕ್ಕೆ ಕಾದು ನಿಂತರು.

ಕಾಟನ್‌ಪೇಟೆಯಲ್ಲಿ ಮೂವತ್ತು ವರ್ಷ ವ್ಯಾಪಾರ ಮಾಡಿ ಮರಿಯಣ್ಣ ಕಲಿತ ಮೊದಲ ಪಾಠವೆಂದರೆ, ಕೊಳ್ಳಲು ಹೋದಾಗ ನಮ್ಮ ಗರಜು ಎದುರಿನವರಿಗೆ ತೋರಿಸಬಾರದು. ತಾಯಿ, ಗುಡ್ಡ, ಸಂಕ್ರಾಂತಿ ಎಂದೆಲ್ಲ ಬಾಯಿಬಿಟ್ಟರೆ ಬೆಲೆ ಅಲ್ಲಿಯೇ ಏರುತ್ತದೆ. ಅವನು ತಾತ್ಸಾರದಿಂದ ಟೈರಿಗೆ ಒಮ್ಮೆ ಒದ್ದು, "ಎಲ್ಲಿಗೂ ಇಲ್ಲ ತಾಯಿ. ಇಲ್ಲೇ ಮನೆಯಿಂದ ಕಾಟನ್‌ಪೇಟೆ ಅಂಗಡಿಗೆ. ಹಗ್ಗದ ಉಂಡೆ ಹಾಕ್ಕೊಂಡು ಹೋಗೋಕೆ," ಎಂದ.

ಕಾವೇರಮ್ಮನ ಮುಖ ಅರಳಿತು. "ಹಾಗಾದ್ರೆ ಸರಿ. ಊರೊಳಗೇ ಓಡಾಡಿಕೊಂಡಿರ್ಲಿ, ಪಾಪ," ಎಂದು ಒಳಗೆ ಹೋದರು.

ತನ್ನ ಜಾಣತನಕ್ಕೆ ಮರಿಯಣ್ಣ ಒಳಗೊಳಗೇ ಬೀಗಿದ. ಆ ಒಂದು ಮಾತಿನಿಂದ ಐದು ತಿಂಗಳು ಹಾಳಾಗುತ್ತದೆ ಎಂದು ಅವನಿಗೆ ಆಗ ಗೊತ್ತಿರಲಿಲ್ಲ.

ಜೀಪು ಮನೆಗೆ ಬಂದ ಮೊದಲ ಬೆಳಿಗ್ಗೆಯೇ ಅವನ ಹೆಂಡತಿ ಸರ್ವಮಂಗಳಾ ಬಾಗಿಲಲ್ಲಿ ನಿಂತು ಕೂಗಿದಳು. "ರೀ, ಬನ್ನಿ ಇಲ್ಲಿ. ನಿಮ್ಮ ಗಾಡಿ ಎಂಥಾ ರಂಗೋಲಿ ಹಾಕಿದೆ ನೋಡಿ." ಅವಳು ಹಾಕಿದ್ದ ಎಳೆ ರಂಗೋಲಿಯ ನಡುವೆ ತಟ್ಟೆಯಗಲದ ಕಪ್ಪು ಎಣ್ಣೆಯ ಬೊಟ್ಟು. ಅಂದಿನಿಂದ ಜೀಪಿನ ಕೆಳಗೆ ಒಂದು ಹಳೆಯ ಇಡ್ಲಿ ತಟ್ಟೆ ಇಡುವುದು ದಿನದ ಕೆಲಸವಾಯಿತು. ಮರೆತು ಹೊರಟರೆ ತಟ್ಟೆ ಅಪ್ಪಚ್ಚಿ. ಹೀಗೆ ಮೂರು ತಟ್ಟೆ ಹೋದವು.

ಎರಡನೆಯ ವಾರ ಸೆಲ್ಫ್ ಮೋಟಾರು ಸತ್ತಿತು. ಮೂರನೆಯ ವಾರ ರೇಡಿಯೇಟರು. ರಾಮಕೃಷ್ಣಾಶ್ರಮದ ಸರ್ಕಲ್ಲಿನಲ್ಲಿ, ಸಂಜೆ ಆರೂವರೆಗೆ, ಬಾನೆಟ್ಟಿನಿಂದ ಬಿಸಿನೀರಿನ ಹಂಡೆಯಂತೆ ಹಬೆ ಎದ್ದಾಗ ಹಿಂದಿನ ಆಟೋದವನು, "ಯಜಮಾನ್ರೇ, ಇಡ್ಲಿ ಬೆಂದಿದ್ರೆ ನನಗೂ ಒಂದು ಪ್ಲೇಟ್ ಹಾಕಿ," ಎಂದ. ಮರಿಯಣ್ಣ ಕೆಳಗಿಳಿದು ಅವನ ವಂಶದ ಬಗ್ಗೆ ಎರಡು ಮಾತು ಹೇಳಿದ. ಟ್ರಾಫಿಕ್ ಪೊಲೀಸಿನವನು ಬಂದು ಇಬ್ಬರನ್ನೂ ಬೈದು ಕೊನೆಗೆ ತಾನೇ ಜೀಪಿಗೆ ಕೈ ಹಚ್ಚಿ ತಳ್ಳಿದ.

ಕಲಾಸಿಪಾಳ್ಯದ ಬಸ್‌ಸ್ಟ್ಯಾಂಡಿನ ಹಿಂದೆ ದಾಸಪ್ಪನ ಗ್ಯಾರೇಜು. ದಾಸಪ್ಪ ಜೀಪುಗಳನ್ನು ಬಿಚ್ಚುತ್ತಲೇ ತಲೆ ನರೆಸಿಕೊಂಡವನು. ಪ್ರತಿ ಸಲವೂ ಅವನು ಬಾನೆಟ್ಟಿನ ಮೇಲೆ ಪ್ರೀತಿಯಿಂದ ಕೈಯಾಡಿಸಿ, "ಗಾಡಿ ಚಿನ್ನ ಸಾರ್," ಎನ್ನುತ್ತಿದ್ದ. ಹಾಗೆಂದ ಮೇಲೆ ಒಂದು ಸಾಮಾನು ಹೋಗಿದೆ ಎಂದು ಹೇಳುತ್ತಿದ್ದ. ಕ್ಲಚ್ ಪ್ಲೇಟು ಹೋದಾಗಲೂ ಚಿನ್ನ. ಹಿಂದಿನ ಸ್ಪ್ರಿಂಗ್ ಪಟ್ಟಾ ಮುರಿದಾಗಲೂ ಚಿನ್ನ.

"ಲೇ ದಾಸಪ್ಪ, ಚಿನ್ನ ಅನ್ನೋದನ್ನ ನಿಲ್ಸು. ನೀನು ಚಿನ್ನ ಅಂದಾಗಲೆಲ್ಲ ನನ್ನ ಎದೆ ಧಸಕ್ ಅನ್ನತ್ತೆ."

"ನಿಜ ಹೇಳ್ತಿದೀನಿ ಸಾರ್. ಇಂಥ ಇಂಜಿನ್ ಈಗೆಲ್ಲಿ ಬರತ್ತೆ?"

"ಇಂಜಿನ್ ಇಟ್ಕೊಂಡು ಪೂಜೆ ಮಾಡ್ಲಾ? ಓಡ್ಬೇಕು ಕಣಯ್ಯಾ ಗಾಡಿ!"

ಪೂಜೆಯೂ ಆಯಿತು. ಆಯುಧಪೂಜೆಯ ದಿನ ಸರ್ವಮಂಗಳಾ ಜೀಪಿಗೆ ಬಾಳೆಕಂದು ಕಟ್ಟಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ಬೂದುಗುಂಬಳ ಒಡೆಸಿದಳು. ಸಣ್ಣ ಗೇರಿನ ಬುಡದ ಹನ್ನೆರಡು ಕಂಕಣಗಳ ಮೇಲೆ, ಇದ್ದದ್ದನ್ನು ಬಿಡಬಾರದು ಎಂದು, ತನ್ನದೂ ಒಂದು ಕಂಕಣ ಕಟ್ಟಿದಳು. ಮರಿಯಣ್ಣ ಕೈಮುಗಿದು ಪಕ್ಕದಲ್ಲೇ ನಿಂತಿದ್ದ.

ಕಾರ್ತಿಕದ ಒಂದು ಭಾನುವಾರ ಎಲ್ಲ ಸರಿಯಾಗಿದೆ ಎಂದು ದಾಸಪ್ಪ ಹೇಳಿದ. ಮರಿಯಣ್ಣ ತಾಯಿಯನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊರಟ. ತಿಮ್ಮಕ್ಕ ಮಡಿಲಲ್ಲಿ ಕೊಬ್ಬರಿ ಮಿಠಾಯಿಯ ಡಬ್ಬಿ ಇಟ್ಟುಕೊಂಡಿದ್ದಳು. ಅಕ್ಕನಿಗೆಂದು ತೆಗೆದ ಕೆಂಪು ಅಂಚಿನ ಸೀರೆ ಬೇರೆ. ದಾರಿಯುದ್ದಕ್ಕೂ ಮುದುಕಿ ಮಾತು ನಿಲ್ಲಿಸಲಿಲ್ಲ. ಅಕ್ಕ ಚಿಕ್ಕವಳಿದ್ದಾಗ ತನ್ನನ್ನು ಬಾವಿಗೆ ತಳ್ಳಿದ್ದು, ಆಮೇಲೆ ಅವಳೇ ಹಾರಿ ಎತ್ತಿದ್ದು, ಇಬ್ಬರಿಗೂ ಅಪ್ಪ ಬಾರಿಸಿದ್ದು.

ಕೆರೆ ದಾಟಿತು. ಮೊದಲನೆಯ ತಿರುವಿನ ಬಂಡೆಯನ್ನು ಜೀಪು ಲೆಕ್ಕಕ್ಕಿಡದೆ ಹತ್ತಿತು. ಎರಡನೆಯ ತಿರುವಿನ ಕೊರಕಲಿನಲ್ಲಿ ಹಿಂದಿನ ಚಕ್ರ ನಿಂತಲ್ಲೇ ಗಿರಗಿರ ತಿರುಗಿ ಮಣ್ಣು ತೂರತೊಡಗಿತು. ಇದಕ್ಕೇ ತಾನೆ ಜೀಪು ತಂದದ್ದು ಎಂದುಕೊಂಡು ಮರಿಯಣ್ಣ ಸಣ್ಣ ಗೇರಿಗೆ ಕೈ ಹಾಕಿದ. ಅದು ಜಗ್ಗಲಿಲ್ಲ. ಎರಡೂ ಕೈಯಲ್ಲಿ ಎಳೆದ. ಸೀಟಿಗೆ ಬೆನ್ನು ಕೊಟ್ಟು ಕಾಲಲ್ಲಿ ಒದ್ದ. ಕಲ್ಲುಕಂಬವನ್ನು ಒದ್ದಂತಾಯಿತು. ಮೇಲೆ ನೋಡಿದರೆ ದೊಡ್ಡಿಯ ಹುಣಸೆಮರ ಕಾಣುತ್ತಿತ್ತು, ಅದರ ಪಕ್ಕದ ಹೆಂಚಿನ ಮನೆಯಿಂದ ಒಲೆಯ ಹೊಗೆ ಏಳುತ್ತಿತ್ತು. ಅದು ಅಕ್ಕನ ಮನೆಯೇ.

ಕೊನೆಗೆ ಅದೇ ಟ್ರ್ಯಾಕ್ಟರು ಬಂದು ಜೀಪನ್ನು ಹಿಂದಕ್ಕೆ ಎಳೆದು ಕೆರೆಯ ಏರಿಗೆ ಬಿಟ್ಟಿತು. ಎಳೆಯಲು ಹಗ್ಗ ಮರಿಯಣ್ಣನದೇ. "ಹಗ್ಗ ಮಾತ್ರ ಗಟ್ಟಿ ಐತೆ ಸಾರ್," ಎಂದ ಟ್ರ್ಯಾಕ್ಟರಿನವನು.

ವಾಪಸು ಬರುವಾಗ ತಿಮ್ಮಕ್ಕ ಬಾಯಿ ಬಿಡಲಿಲ್ಲ. ಬೈದಿದ್ದರೆ ಮರಿಯಣ್ಣ ತಡೆದುಕೊಳ್ಳುತ್ತಿದ್ದ. ಬನಶಂಕರಿ ದಾಟುವವರೆಗೂ ಅವಳು ಡಬ್ಬಿಯ ಮುಚ್ಚಳವನ್ನು ಬೆರಳಲ್ಲಿ ಒರೆಸುತ್ತಲೇ ಇದ್ದಳು. ಮನೆಯ ಮುಂದೆ ಇಳಿಯುವಾಗ ಡಬ್ಬಿಯನ್ನು ಸೊಸೆಯ ಕೈಗೆ ಕೊಟ್ಟು, "ತಗಾ, ನೀವೇ ತಿನ್ನಿ," ಎಂದಳು.

ಮರುದಿನ ಬೆಳಿಗ್ಗೆ ದಾಸಪ್ಪನ ಗ್ಯಾರೇಜಿನ ಮುಂದೆ ಮರಿಯಣ್ಣ ಜೀಪು ನಿಲ್ಲಿಸಿದ ರೀತಿಗೇ ಪಕ್ಕದ ಟೀ ಅಂಗಡಿಯವನು ಲೋಟಗಳನ್ನು ಒಳಗಿಟ್ಟುಕೊಂಡ.

"ಚಿನ್ನ ಅನ್ನು. ಈಗ ಅನ್ನು ನೋಡೋಣ."

ದಾಸಪ್ಪ ಅನ್ನಲಿಲ್ಲ. ಜೀಪಿನಡಿ ಮಲಗಿ, ಸಣ್ಣ ಗೇರಿನ ಪೆಟ್ಟಿಗೆಯನ್ನು ಕೆಳಗಿಳಿಸಿ, ಒಂದೊಂದೇ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು ಗೋಣಿಯ ಮೇಲೆ ಹರಡಿದ. ಮುಂದಿನ ಚಕ್ರಗಳನ್ನು ಕಳಚಿ ನಡುವಿನ ಗುಂಬವನ್ನೂ ಬಿಚ್ಚಿದ. ಎಲ್ಲಿಯೂ ಏನೂ ಹೋಗಿರಲಿಲ್ಲ. ಗೇರಿನ ಹಲ್ಲುಗಳು ಹಾಲುಹಲ್ಲಿನ ಹಾಗೆ ಇದ್ದವು. ತುಕ್ಕು ಉಜ್ಜಿ, ಹೊಸ ಎಣ್ಣೆ ತುಂಬಿ, ಮತ್ತೆ ಏರಿಸಿದ. ಕೋಲು ಜಗ್ಗಲಿಲ್ಲ. ಇನ್ನೊಮ್ಮೆ ಇಳಿಸಿದ. ಕೆಳಗೆ ಪೆಟ್ಟಿಗೆಯನ್ನು ಕೈಯಲ್ಲಿ ತಿರುಗಿಸಿದರೆ ಬೆಣ್ಣೆಯಂತೆ ಓಡುತ್ತಿತ್ತು. ಮೇಲೆ ಕೋಲು ಕಲ್ಲು. ಮಾರ್ಗಶಿರ ಪೂರ್ತಿ ಇದರಲ್ಲೇ ಕಳೆಯಿತು. ಅಂಗಡಿಯಲ್ಲಿ ಗಿರಾಕಿಗಳು ಹಗ್ಗದ ಬದಲು ಜೀಪಿನ ಆರೋಗ್ಯ ವಿಚಾರಿಸತೊಡಗಿದರು.

ಸಂಕ್ರಾಂತಿಗೆ ಒಂಬತ್ತು ದಿನ ಉಳಿದಾಗ ದಾಸಪ್ಪ ಕೈ ಒರೆಸಿಕೊಳ್ಳುತ್ತ ಹೇಳಿದ. "ಸಾರ್, ತೊಂದರೆ ಕೆಳಗಿಲ್ಲ. ಮೇಲಿದೆ. ಕೋಲಿನ ಬುಡದ ರಬ್ಬರ್ ಎತ್ತಿ ನೋಡ್ಬೇಕು."

"ಎತ್ತಿ ನೋಡು ಮತ್ತೆ!"

"ಎತ್ಬೇಕಂದ್ರೆ ಆ ಕಂಕಣ ಬಿಚ್ಬೇಕು."

"ಬಿಚ್ಚು!"

"ನಾನು ಮುಟ್ಟಲ್ಲ ಸಾರ್. ಒಂದ್ಸಲ ಲಾರಿಗೆ ಕಟ್ಟಿದ್ದ ದೇವರ ದಾರ ಕತ್ತರಿಸ್ದೆ. ಮುಂದಿನ ಶನಿವಾರ ಲಾರಿ ಮೊಗಚ್ತು. ಡ್ರೈವರ್ ಇವತ್ತಿಗೂ ಎಲ್ಲಿ ಕಂಡ್ರೂ ಮುಖಕ್ಕೇ ಉಗೀತಾನೆ. ನೀವೇ ಬಿಚ್ಕೊಳ್ಳಿ."

"ಇದನ್ನ ಎರಡು ತಿಂಗಳ ಹಿಂದೆ ಹೇಳೋಕೆ ಏನ್ ರೋಗ ಬಂದಿತ್ತಯ್ಯಾ ನಿನಗೆ?"

"ಕೆಳಗೇ ಇರಬೋದು ಅಂತ ಆಸೆ ಇತ್ತು ಸಾರ್."

ಮರಿಯಣ್ಣ ಜೀಪು ಮನೆಗೆ ತಂದ. ಮೂವತ್ತು ವರ್ಷ ಹಗ್ಗ ಮಾರಿದವನು, ಎಂಥ ಗಂಟನ್ನೂ ಕಣ್ಣು ಮುಚ್ಚಿ ಬಿಚ್ಚುವವನು, ಇಷ್ಟು ದಿನ ಆ ದಾರದ ಉಂಡೆಯನ್ನು ನೋಡಿಯೂ ನೋಡಲಿಲ್ಲವಲ್ಲ ಎಂದು ಅವನಿಗೆ ಮೈ ಉರಿಯಿತು. ಅಡುಗೆಮನೆಯಿಂದ ಕತ್ತರಿ ತಂದು ಸೀಟಿನ ಮೇಲೆ ಮಂಡಿಯೂರಿದ. ಹಿಂದಿನಿಂದ ತಾಯಿಯ ಕೋಲು ಬಂದು ಬೆನ್ನಿಗೆ ಬಿತ್ತು.

"ಏನ್ ಮಾಡ್ತಿದ್ದೀಯ್ಲಾ?"

"ಈ ದರಿದ್ರದ ದಾರ ಕತ್ತರುಸ್ತೀನಿ ಕಣವ್ವ. ಇದು ಹೋದ್ರೆ ಗಾಡಿ ಗುಡ್ಡ ಹತ್ತತದೆ."

"ಮುತ್ತೈದೆ ಕಟ್ಟಿರೋ ಕಂಕಣಕ್ಕೆ ಕತ್ರಿ ಆಕೀಯಾ? ನಿನ್ ಕೈ ಸೇದೋಗ! ಯಾರು ಕಟ್ಟವ್ರೋ ಅವರೇ ಬಿಚ್ಬೇಕು. ಕೇಳ್ಕಂಡು ಬಾ, ಓಗು."

"ನಿನಗೋಸ್ಕರ ಕಣವ್ವಾ ಇದೆಲ್ಲ! ನಿಮ್ಮಕ್ಕನ್ನ ನೋಡೋದು ಬ್ಯಾಡ್ವಾ?"

"ಬ್ಯಾಡ. ಪಾಪ ಕಟ್ಕಂಡು ನೋಡೋದು ಬ್ಯಾಡ." ಹಾಗೆಂದವಳ ಗಲ್ಲ ನಡುಗುತ್ತಿತ್ತು. ಮರಿಯಣ್ಣ ಅದನ್ನು ನೋಡಿದ. ಕತ್ತರಿಯನ್ನು ಜಗಲಿಯ ಮೇಲೆ ಎಸೆದು, ಜೀಪು ಹತ್ತಿ, ಗವಿಪುರಕ್ಕೆ ತಿರುಗಿಸಿದ.

ಕಾವೇರಮ್ಮ ಅಂಗಳದಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದರು. ರಾಮಾನುಜ ಜಗಲಿಯ ಮೇಲೆ ಪೇಪರು ಓದುತ್ತಿದ್ದರು. ಗೇಟಿನ ಹೊರಗೆ ಇಳಿಜಾರಿನಲ್ಲಿ ತಮ್ಮ ಜೀಪು ನಿಂತದ್ದನ್ನು ಕಂಡು ಮುದುಕರು ಪೇಪರು ಕೆಳಗಿಟ್ಟು ಎದ್ದೇಬಿಟ್ಟರು.

"ತಾಯಿ, ನಿಮ್ಮ ಕಂಕಣ ಬಿಚ್ಕೊಡಿ," ಎಂದ ಮರಿಯಣ್ಣ, ನಮಸ್ಕಾರವೂ ಇಲ್ಲದೆ. "ನಿಮ್ಮ ಕಂಕಣದಿಂದ ನಾನು ಕೆಟ್ಟೆ. ಗೇರ್ ಪೆಟ್ಟಿಗೆ ಎರಡು ಸಲ ಇಳಿಸಿ ಹತ್ತಿಸಿದ್ದಾಯ್ತು. ಮೆಕ್ಯಾನಿಕ್ ಮುಟ್ಟಲ್ಲ ಅಂತಾನೆ. ನಮ್ಮವ್ವ ಕೋಲು ತಗೊಂಡು ಹೊಡೀತಾಳೆ. ಯಾವ ಗಾಡಿಗೆ ಯಾರು ಕಟ್ಟತಾರೆ ತಾಯೀ, ಗೇರಿಗೆ ಕಂಕಣಾನ?"

ಕಾವೇರಮ್ಮ ಅವರೆಕಾಳಿನ ಮೊರ ಪಕ್ಕಕ್ಕಿಟ್ಟರು. "ಕಾಟನ್‌ಪೇಟೆಗೆ ಹೋಗೋಕೆ ಸಣ್ಣ ಗೇರ್ ಯಾಕೆ ಬೇಕು ನಿಮಗೆ?"

ಮರಿಯಣ್ಣ ಗೇಟಿನ ಕಡೆ ನೋಡಿದ. ಅವರು ಅವನನ್ನೇ ನೋಡುತ್ತಿದ್ದರು.

"ಅಂಗಡಿಗೆ ಹಗ್ಗ ಹಾಕ್ಕೊಂಡು ಹೋಗೋಕೆ ಅಂದ್ರಿ. ನಾನು ಬಾಯಿಬಿಟ್ಟು ಕೇಳಿದ್ದೆ ತಾನೆ?"

"ಕೇಳಿದ್ರಿ," ಎಂದ ಮರಿಯಣ್ಣ. ಆಮೇಲೆ ಒಂದೇ ಉಸಿರಿಗೆ ಎಲ್ಲ ಹೇಳಿದ. ಮಂಡಿ, ಗುಡ್ಡ, ಫೋನು, ಬಾವಿ, ಕೊಬ್ಬರಿ ಮಿಠಾಯಿ. "ಅವತ್ತೇ ನಿಜ ಹೇಳಿದ್ರೆ ನೀವು ಬೆಲೆ ಜಾಸ್ತಿ ಮಾಡ್ತೀರಿ ಅಂತ ಹೇಳಲಿಲ್ಲ. ವ್ಯಾಪಾರದೋನು ತಾಯಿ ನಾನು. ಬುದ್ಧಿ ಅಲ್ಲಿಗೇ ಓಡ್ತು. ಸಂಕ್ರಾಂತಿಗೆ ಇನ್ನು ಒಂಬತ್ತೇ ದಿನ ಇರೋದು."

"ಅವತ್ತೇ ಇದನ್ನ ಹೇಳಿದ್ರೆ ನಾನು ಅವತ್ತೇ ಬಿಚ್ಚಿಕೊಡ್ತಿದ್ದೆ," ಎಂದರು ಕಾವೇರಮ್ಮ. "ಅದು ನಿಮಗೆ ಕಟ್ಟಿದ್ದಲ್ಲ. ಇವರಿಗೆ ಕಟ್ಟಿದ್ದು."

ರಾಮಾನುಜ ಗಡ್ಡ ಕೆರೆದುಕೊಂಡರು. ಹನ್ನೆರಡು ವರ್ಷದ ಹಿಂದೆ ಅವರ ಎದೆಗೆ ಸ್ಟೆಂಟು ಹಾಕಿದ್ದರು. ಡಾಕ್ಟರು ಬೆಟ್ಟ ಗುಡ್ಡ ಬೇಡ ಎಂದಿದ್ದರು. ಮನೆಗೆ ಬಂದ ಹದಿನೈದನೆಯ ದಿನವೇ ಮೇಷ್ಟರು ಯಾವುದೋ ಹೂವು ಅರಳುವ ಕಾಲವೆಂದು ಜೀಪಿಗೆ ಡೀಸೆಲ್ ತುಂಬಿಸಿಕೊಂಡು ಬಂದಿದ್ದರು. ಆ ವರ್ಷದ ಆಯುಧಪೂಜೆಯಲ್ಲಿ ಕಾವೇರಮ್ಮ ಸಣ್ಣ ಗೇರಿಗೆ ಕಂಕಣ ಕಟ್ಟಿ, ಇದನ್ನು ಬಿಚ್ಚಿದರೆ ನನ್ನ ಮೇಲಾಣೆ ಎಂದರು. ಆಮೇಲೆ ವರ್ಷಕ್ಕೊಂದು. ಎಳನೀರಿನ ಪ್ರೋಕ್ಷಣೆ ಸಮೇತ.

"ಆಣೆ ನಾನು ಮುರಿಲಿಲ್ಲ," ಎಂದರು ರಾಮಾನುಜ. ಮೂರು ಜನವೂ ಜೀಪಿನ ಹತ್ತಿರ ಬಂದಿದ್ದರು. "ಕಂಕಣ ಬಿಚ್ಚಲಿಲ್ಲ. ಆದ್ರೆ ಒಂದ್ಸಲ, ಇವಳು ಮದುವೆಗೆ ಹೋಗಿದ್ದಾಗ, ಹಾಗೇ ಸುಮ್ಮನೆ ಎಳೆದು ನೋಡಿದೆ. ಅಲ್ಲಾಡಲಿಲ್ಲ. ನನ್ನ ಹಾಗೇ ಇದಕ್ಕೂ ಒಳಗೆ ಏನೋ ಹಿಡ್ಕೊಂಡಿದೆ, ಮುಗೀತು ಇದರ ಕಥೆ ಅಂದ್ಕೊಂಡೆ. ಆಮೇಲೆ ಅದನ್ನ ನೋಡಿದಾಗಲೆಲ್ಲ ಬೇಜಾರು. ಅದಕ್ಕೇ ಮಾರಿದ್ದು."

ಕಾವೇರಮ್ಮ ಸೀಟಿನ ಮೇಲೆ ಕೂತು ಕಣ್ಣು ಮುಚ್ಚಿ ಏನೋ ಹೇಳಿಕೊಂಡರು. ಮೊದಲು ಸರ್ವಮಂಗಳಾ ಕಟ್ಟಿದ್ದು ಕಣ್ಣಿಗೆ ಬಿತ್ತು. "ಇದು ನನ್ನದಲ್ಲ."

"ನಮ್ಮನೆಯೋಳ್ದು," ಎಂದ ಮರಿಯಣ್ಣ. ಹೆಂಡತಿಗೆ ಫೋನು ಹಚ್ಚಿ ವಿಷಯ ಹೇಳಿ, ಫೋನನ್ನೇ ಕಾವೇರಮ್ಮನ ಕಿವಿಗೆ ಹಿಡಿದ. "ಬಿಚ್ಚಿ ಅಮ್ಮಾ, ಬಿಚ್ಚಿ. ಒಳ್ಳೇದಾಗ್ಲಿ," ಎಂದು ಸರ್ವಮಂಗಳಾ ಕೂಗಿದ್ದು ಹೊರಗೂ ಕೇಳಿಸಿತು. "ಹಾಗೇ ಆ ಎಣ್ಣೆ ಸೋರೋದು ನಿಲ್ಸೋಕೂ ಏನಾದ್ರೂ ಇದ್ರೆ ಕಟ್ಟಿಕೊಡಿ!"

ಹದಿಮೂರು ಗಂಟು ಬಿಚ್ಚಲು ಮುಕ್ಕಾಲು ಗಂಟೆ ಬೇಕಾಯಿತು. ದಾರ ಎಳನೀರು ಕುಡಿದು, ಒಣಗಿ, ಹುರಿಗಟ್ಟಿತ್ತು. ಹಗ್ಗದವನು ಹೊರಗೆ ನಿಂತು, ಆ ಎಳೆ ಹಿಡೀರಿ, ಅದಲ್ಲ, ಅದರ ಕೆಳಗಿನದು ಎಂದು ಕೈ ಹಾಕದೆ ಹೇಳಿಕೊಡುತ್ತಿದ್ದ. ಕೊನೆಯ ಎಳೆ ಸಡಿಲವಾದಾಗ ಕಾವೇರಮ್ಮ ರಬ್ಬರನ್ನು ಎತ್ತಿದರು. ತೂತಿನೊಳಗೆ ಬೆರಳು ಹಾಕಿ ಒಂದು ಅರಿಶಿನದ ಕೊಂಬು ಈಚೆ ತೆಗೆದರು. ಇನ್ನೊಂದು ತೆಗೆದರು. ಮತ್ತೊಂದು. ಕೋಲಿನ ಸುತ್ತ, ಅದು ಓಡಾಡಬೇಕಾದ ಸಂದಿಯಲ್ಲಿ, ಕಂಕಣಕ್ಕೊಂದರಂತೆ ಹನ್ನೆರಡು ಅರಿಶಿನದ ಕೊಂಬುಗಳು ಬೆಣೆ ಹೊಡೆದ ಹಾಗೆ ಕೂತಿದ್ದವು. ಎಳನೀರಿಗೆ ಉಬ್ಬಿ, ಆಮೇಲೆ ಒಣಗಿ ಕಲ್ಲಾಗಿದ್ದವು. ಕೆಳಗಿನವನ್ನು ಸ್ಕ್ರೂ ಡ್ರೈವರಿನಲ್ಲಿ ಮೀಟಿ ತೆಗೆಯಬೇಕಾಯಿತು.

"ಕೊಂಬು ಮೇಲೆ ಕಟ್ಟೋದಲ್ವೇನೇ?" ಎಂದರು ರಾಮಾನುಜ. "ಇದು ಒಳಗೆ ಹೇಗೆ ಹೋಯ್ತು?"

"ನಾನೇ ರಬ್ಬರಿನ ಸಂದಿಯಿಂದ ತಳ್ಳಿದ್ದು."

"ಏನು?"

"ಆಣೆ ಅಂದ್ರೆ ನೀವು ಕಂಕಣ ಬಿಚ್ಚಲ್ಲ, ಆದ್ರೆ ಹಾಗೇ ಎಳೆದು ನೋಡ್ತೀರ ಅಂತ ನನಗೆ ಗೊತ್ತಿರಲಿಲ್ವಾ? ನಲವತ್ತು ವರ್ಷ ಸಂಸಾರ ಮಾಡಿದ್ದೀನಿ."

"ಹನ್ನೆರಡು ವರ್ಷ ಕಣೇ! ಗಾಡಿ ಕೆಟ್ಟಿದೆ ಅಂದ್ಕೊಂಡು ಅರ್ಧ ಬೆಲೆಗೆ ಕೊಟ್ಟೆನಲ್ಲೇ ನಾನು!"

"ಕೊಟ್ರೆ ಕೊಟ್ಟಿರಿ. ನೀವು ಇದೀರಲ್ಲ."

ರಾಮಾನುಜ ಕೊಂಬೊಂದನ್ನು ಎತ್ತಿ ತಿರುಗಿಸಿ ನೋಡಿದರು. ಮರಿಯಣ್ಣ ಈ ಗಂಡ ಹೆಂಡಿರ ನಡುವೆ ಎಲ್ಲಿ ನೋಡಬೇಕೋ ತಿಳಿಯದೆ ಟೈರು ನೋಡಿದ. ಐದು ತಿಂಗಳು ಹೆಂಡತಿಯಿಂದ, ತಾಯಿಯಿಂದ, ಆಟೋದವನಿಂದ, ಟ್ರ್ಯಾಕ್ಟರಿನವನಿಂದ ಅನ್ನಿಸಿಕೊಂಡದ್ದು ಹನ್ನೆರಡು ಅರಿಶಿನದ ಕೊಂಬಿಗಾಗಿ! ಯಾರ ಮೇಲೆ ಕೂಗಾಡುವುದು? ಈ ತಾಯಿಯ ಮೇಲೆ ಕೂಗಾಡುವಂತಿರಲಿಲ್ಲ. ಸುಳ್ಳು ಹೇಳಿದವನು ತಾನೇ. 

ರಾಮಾನುಜ ಹೆಂಡತಿಯ ಕಡೆ ತಿರುಗಿದರು. "ಒಂದ್ಸಲ ಎಳೀಲಾ? ಇಲ್ಲೇ. ಈ ರಸ್ತೆ ತುದಿವರೆಗೆ."

ಕಾವೇರಮ್ಮ ಅವರನ್ನೂ, ಇಳಿಜಾರನ್ನೂ, ಮತ್ತೆ ಅವರನ್ನೂ ನೋಡಿದರು. "ತುದಿವರೆಗೆ. ಅಲ್ಲಿಂದ ಆಚೆ ಒಂದು ಗೇಣು ಹೋದ್ರೆ ನಾನು ಅಣ್ಣನ ಮನೆಗೆ ಹೊರಟೆ."

ರಾಮಾನುಜ ಪಂಚೆ ಎತ್ತಿ ಕಟ್ಟಿ ಸ್ಟಿಯರಿಂಗಿನ ಮುಂದೆ ಕೂತರು. ಸಣ್ಣ ಗೇರಿಗೆ ಕೈ ಇಟ್ಟು ಎಳೆದರು. ಟಕ್ ಎಂದು ಒಂದು ಸದ್ದು, ಅಷ್ಟೇ. ಜೀಪು ಗುರುಗುಟ್ಟುತ್ತ, ಎಳೆಯುವ ಜೋಡೆತ್ತಿನಂತೆ ಕತ್ತು ತಗ್ಗಿಸಿ, ಗವಿಪುರದ ಏರು ಹತ್ತಿತು. ತುದಿಯಲ್ಲಿ ನಿಂತಿತು. ಒಂದು ಗೇಣೂ ಆಚೆ ಹೋಗಲಿಲ್ಲ. ಮೇಷ್ಟರು ಇಳಿದು ಬಂದು ಬೀಗದ ಕೈಯನ್ನು ಮರಿಯಣ್ಣನ ಅಂಗೈಯಲ್ಲಿಟ್ಟರು. ಕೈ ಕೂಡಲೇ ಬಿಡಲಿಲ್ಲ.

"ತಿಂಗಳಿಗೊಂದ್ಸಲ ಎಳೆದು ನೂರಡಿ ಓಡಿಸಿ. ಪುಸ್ತಕದಲ್ಲಿ ಮೊದಲನೇ ಪುಟದಲ್ಲೇ ಬರೆದಿದ್ದೀನಿ. ನೀವು ಓದಲಿಲ್ಲ."

"ಓದಲಿಲ್ಲ ಸಾರ್," ಎಂದ ಮರಿಯಣ್ಣ.

ಆ ಭಾನುವಾರ, ಸಂಕ್ರಾಂತಿಗೆ ನಾಲ್ಕು ದಿನ ಮುಂಚೆ, ಜೀಪು ಎರಡನೆಯ ತಿರುವಿನ ಕೊರಕಲಿಗೆ ಬಂದಾಗ ತಿಮ್ಮಕ್ಕ ಕಣ್ಣು ಮುಚ್ಚಿಕೊಂಡಳು. ಮರಿಯಣ್ಣ ಸಣ್ಣ ಗೇರು ಎಳೆದ. ಮುಂದಿನ ಚಕ್ರಗಳು ಮಣ್ಣನ್ನು ಕಚ್ಚಿದವು. ಜೀಪು ಒಮ್ಮೆ ವಾಲಿತು, ಗುಡುಗಿತು, ಮೇಲೆದ್ದಿತು. ಮೂರನೆಯ ತಿರುವು, ನಾಲ್ಕನೆಯದು, ಹುಣಸೆಮರ. ಹೆಂಚಿನ ಮನೆಯ ಮುಂದೆ, ಅಕ್ಕನ ಅಂಗಳಕ್ಕೇ ನುಗ್ಗಿಸಿ ನಿಲ್ಲಿಸಿದ. ಕೋಳಿಗಳು ಚೆಲ್ಲಾಪಿಲ್ಲಿಯಾದವು.

ಜಗಲಿಯ ಮೇಲೆ ಒಣಹುಲ್ಲಿನಷ್ಟೇ ತೆಳ್ಳಗಾಗಿದ್ದ ಗಂಗರತ್ನಮ್ಮ ಕೈ ಅಡ್ಡ ಹಿಡಿದು ನೋಡಿದಳು. "ಯಾವ ಮುಂಡೇಮಗನ್ಲಾ ಅದು, ಕಣದೊಳಕ್ಕೆ ಗಾಡಿ ನುಗ್ಗುಸ್ತಿರೋನು?"

"ನಾನು ಕಣಕ್ಕಾ!"

"ಯಾರು?"

"ನಾನು! ಬಾವಿಗೆ ತಳ್ಳಿದ್ಯಲ್ಲ, ಅವಳು!"

ಗಂಗರತ್ನಮ್ಮ ಗೋಡೆ ಹಿಡಿದುಕೊಂಡು ಎದ್ದಳು. ಮರಿಯಣ್ಣ ಇಳಿದು ಬಂದು ತಾಯಿಯನ್ನು ಎತ್ತಿ ಕೆಳಗಿಳಿಸುವಷ್ಟರಲ್ಲಿ ಅವಳೇ ಅಂಗಳ ದಾಟಿ ಬಂದು ತಂಗಿಯ ಎರಡೂ ಕೆನ್ನೆ ಹಿಡಿದಿದ್ದಳು. ಆಮೇಲೆ ಇಬ್ಬರೂ ಒಟ್ಟಿಗೇ ಮಾತಾಡತೊಡಗಿದರು. ಒಬ್ಬಳು 'ಹಸದ ಕರ' ಎನ್ನುತ್ತಿದ್ದಳು, ಇನ್ನೊಬ್ಬಳು ಮಂಡಿ ಎನ್ನುತ್ತಿದ್ದಳು. ಯಾರ ಮಾತು ಯಾರಿಗೂ ಕೇಳಿಸುತ್ತಿರಲಿಲ್ಲ. ಕೈ ಮಾತ್ರ ಇಬ್ಬರೂ ಬಿಡಲಿಲ್ಲ.

ಸಂಜೆ ನಾಲ್ಕಕ್ಕೆ ಮರಿಯಣ್ಣ ಹೊರಡಲು ಎದ್ದ. ಬೀಗದ ಕೈ ತಿರುಗಿಸಿದ. ಜೀಪು ಒಮ್ಮೆ ಕೆಮ್ಮಿ ಸುಮ್ಮನಾಯಿತು. ಮತ್ತೆ ತಿರುಗಿಸಿದ. ಈ ಸಲ ಕೆಮ್ಮೂ ಇಲ್ಲ. ಸೆಲ್ಫ್ ಮೋಟಾರು ಹೋಗಿತ್ತು, ದಾಸಪ್ಪ ಹಾಕಿದ್ದ ಹೊಸದೇ. ಇಳಿದು ಬಾನೆಟ್ಟು ಎತ್ತಿ, ದಾಸಪ್ಪನನ್ನೂ, ಅವನ ಚಿನ್ನವನ್ನೂ, ಕಲಾಸಿಪಾಳ್ಯವನ್ನೂ ಒಟ್ಟಿಗೆ ಬೈದ. ಆಕಾಶಕ್ಕೆ ಫೋನು ಹಿಡಿದು ಅಂಗಳದ ನಾಲ್ಕೂ ಮೂಲೆ ಸುತ್ತಿದ. ಅವನ ಕಂಪನಿಯ ಸಿಗ್ನಲ್ ಅಲ್ಲಿರಲಿಲ್ಲ, ಮೊಬೈಲಿದ್ದ ಪಕ್ಕದ ಮನೆಗೆ ಬೀಗ ಬಿದ್ದಿತ್ತು. ಇಳಿಜಾರಿನಲ್ಲಿ ತಳ್ಳಿ ಸ್ಟಾರ್ಟು ಮಾಡೋಣವೆಂದರೆ ಇದ್ದ ಒಂದೇ ಇಳಿಜಾರು ಕೊರಕಲಿಗೆ ಹೋಗುವುದು.

"ಅವ್ವಾ, ಗಾಡಿ ಕೆಟ್ಟೋಯ್ತು ಕಣವ್ವ!" ಎಂದು ಕೂಗಿದ.

ಜಗಲಿಯ ಮೇಲೆ ತಿಮ್ಮಕ್ಕ ಅಕ್ಕನ ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ಪಕ್ಕದಲ್ಲಿ ಹೊಸದಾಗಿ ಮಾಡಿಸಿ ತಂದ ಕೊಬ್ಬರಿ ಮಿಠಾಯಿಯ ಡಬ್ಬಿ ಅರ್ಧ ಖಾಲಿಯಾಗಿತ್ತು. ಈ ಮಾತು ಮಾತ್ರ ಇಬ್ಬರಿಗೂ ಒಟ್ಟಿಗೇ ಕೇಳಿಸಿತು.

"ಏನಂತೆ?" ಎಂದಳು ಅಕ್ಕ.

"ಗಾಡಿ ಕೆಟ್ಟೋಯ್ತಂತೆ."

"ಒಳ್ಳೇದಾಯ್ತು," ಎಂದಳು ಗಂಗರತ್ನಮ್ಮ. "ಸಂಕ್ರಾಂತಿ ಮುಗುಸ್ಕಂಡು ಓಗಿ." ಆಮೇಲೆ ಮರಿಯಣ್ಣನ ಕಡೆ ಕೈ ಬೀಸಿ, "ಲೋ, ಅಲ್ಲಿ ನಿಂತು ಯಾರ್ನ ಬೈತಿದ್ದೀಯಾ? ಕಣದಿಂದ ಆ ಗಾಡಿ ಪಕ್ಕಕ್ಕೆ ತಳ್ಳು. ನಾಳೆ ರಾಗಿ ಬಡೀಬೇಕು," ಎಂದಳು.

ಮರಿಯಣ್ಣ ಬಾನೆಟ್ಟು ದಬಾರನೆ ಮುಚ್ಚಿದ. ಅಂಗಿಯ ತೋಳು ಮಡಿಸಿ, ಜೀಪಿನ ಹಿಂದಕ್ಕೆ ಹೋಗಿ, ಭುಜ ಕೊಟ್ಟು ತಳ್ಳತೊಡಗಿದ.